ಇತ್ತೀಚಿನ ಸಿನಿಮಾ, ಹಾಡು, ವಿಡಿಯೋ ಗೇಮ್‌ಗಳಲ್ಲಿ ನನಗೆ ಹಿಡಿಸಿದವು, ಹಿಡಿಸದವು

ಕಳೆದ ಎರಡು ಮೂರು ವರ್ಷಗಳಲ್ಲಿ ಬಂದ ಸಿನಿಮಾ, ಹಾಡು ಮತ್ತು ವಿಡಿಯೋ ಗೇಮ್‌ಗಳಲ್ಲಿ ನಿಜವಾಗಿ ಮನಸ್ಸಿಗೆ ಹಿಡಿಸಿದವು ಯಾವುವು, ಊರೆಲ್ಲ ಹೊಗಳಿದರೂ ಹಿಡಿಸದೆ ಹೋದವು ಯಾವುವು, ಅದಕ್ಕೆ ಕಾರಣವೇನು ಎಂದು ನೀವು ಕೇಳಿದ್ದೀರಿ. ವಿಮರ್ಶೆಗಳು ಒಂದೋ ಅತಿಯಾಗಿ ಹೊಗಳುತ್ತವೆ ಇಲ್ಲವೇ ಅತಿಯಾಗಿ ಬಯ್ಯುತ್ತವೆ, ಆದ್ದರಿಂದ ಒಬ್ಬ ಸಾಮಾನ್ಯ ಪ್ರೇಕ್ಷಕನ ಮಾತು ಬೇಕು ಎಂದೂ, ಗೇಮ್‌ಗಳಿಗೆ ದುಡ್ಡು ಹಾಕುವುದು ಸಾರ್ಥಕವೇ ಎಂದೂ ಸೇರಿಸಿದ್ದೀರಿ. ತಿಳಿದಷ್ಟನ್ನು ಕಾರಣ ಸಮೇತ ಹೇಳುತ್ತೇನೆ.

ನಾನು ಕಲಬುರಗಿಯವನು. ಒಂದು ಕಡೆ ತತ್ವಪದದ ಭಜನೆ, ಇನ್ನೊಂದು ಕಡೆ ಸೂಫಿ ಸಂತ ಬಂದೇನವಾಜರ ಉರುಸಿನ ಕವ್ವಾಲಿ ಕೇಳುತ್ತ ಬೆಳೆದವನಾದ್ದರಿಂದಲೋ ಏನೋ, ಯಾವುದೇ ಕೃತಿಯನ್ನು ನಾನು ಮೊದಲು ಅಳೆಯುವುದು ಕಿವಿಯಿಂದ. ಅದರೊಳಗಿನ ಜನ ತಮ್ಮ ಊರಿನ ಮಾತನ್ನೇ ಆಡುತ್ತಾರೆಯೇ, ಸಂಗೀತ ದೃಶ್ಯಕ್ಕೆ ಹೆಗಲು ಕೊಡುತ್ತದೆಯೋ ಅಥವಾ ದೃಶ್ಯದ ಬಡತನವನ್ನು ಮುಚ್ಚಲು ಅಬ್ಬರಿಸುತ್ತದೆಯೋ, ಸುಮ್ಮನಿರಬೇಕಾದ ಜಾಗದಲ್ಲಿ ಸುಮ್ಮನಿರುವ ಧೈರ್ಯ ಅದನ್ನು ಮಾಡಿದವರಿಗೆ ಇದೆಯೇ ಎಂಬುದನ್ನು ಗಮನಿಸುತ್ತೇನೆ. ಈ ಅಳತೆ ಸಿನಿಮಾಕ್ಕೂ ಹಾಡಿಗೂ ಒಗ್ಗುವಂತೆ ಗೇಮ್‌ಗೂ ಒಗ್ಗುತ್ತದೆ. ನನ್ನ ಮೆಚ್ಚುಗೆ, ಅಸಮಾಧಾನ ಎರಡೂ ಅದರಿಂದಲೇ ಹುಟ್ಟಿದವು.

ಸಿನಿಮಾಗಳ ಪೈಕಿ ನಾನು ಎಲ್ಲಕ್ಕಿಂತ ಮೊದಲು ಹೆಸರಿಸುವುದು ಜೈಶಂಕರ್ ಆರ್ಯರ್ ನಿರ್ದೇಶನದ 'ಶಿವಮ್ಮ' ಚಿತ್ರವನ್ನು. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಈ ಚಿತ್ರ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2024ರಲ್ಲಿ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಊರಿನಲ್ಲಿ ನಡೆಯುವ ಕತೆ ಇದು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸೊಬ್ಬಳು, ಲಕವಾ ಹೊಡೆದು ಹಾಸಿಗೆ ಹಿಡಿದ ಗಂಡ ಗುಣವಾದಾನು ಎಂಬ ಆಸೆಯಿಂದ, ಮನೆಮನೆಗೆ ಶಕ್ತಿವರ್ಧಕ ಪಾನೀಯ ಮಾರುವ ನೆಟ್‌ವರ್ಕ್ ವ್ಯಾಪಾರಕ್ಕೆ ಇದ್ದಬದ್ದ ದುಡ್ಡನ್ನೆಲ್ಲ ಸುರಿಯುತ್ತಾಳೆ. ನಮ್ಮ ಭಾಗದ ಬಹುತೇಕ ಓಣಿಗಳಲ್ಲಿ ಇಂಥದೊಂದು ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಂದ ಪರಿಚಯದವರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಮೋಸಗಾರರೆಂದು ಕರೆಯುವುದೂ ಸುಲಭ, ಪಾಪದವರೆಂದು ಕೈಬಿಡುವುದೂ ಸುಲಭ. ಈ ಚಿತ್ರ ಎರಡನ್ನೂ ಮಾಡುವುದಿಲ್ಲ. ಶಿವಮ್ಮನ ಪಾತ್ರ ಮಾಡಿದ ಶರಣಮ್ಮ ಚೆಟ್ಟಿ ಅವರು ಅವಳ ಹಟವನ್ನು, ಸೋತರೂ ಸೋಲನ್ನು ಒಪ್ಪದ ಮುಖವನ್ನು, ಮಾತಿಗಿಂತ ಹೆಚ್ಚಾಗಿ ನಡಿಗೆಯಲ್ಲಿ ತೋರಿಸುತ್ತಾರೆ. ಪ್ರೇಕ್ಷಕನಿಗೆ ಎಲ್ಲಿ ಕಣ್ಣೀರು ಬರಬೇಕು ಎಂದು ಸೂಚಿಸುವ ಪಿಟೀಲುಗಳು ಇಲ್ಲಿಲ್ಲ. ಪಾತ್ರಗಳು ಮಾತಾಡಿದ ಮೇಲೆ ಉಳಿಯುವ ಮೌನದಲ್ಲಿ, ಅವಳ ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂಬುದನ್ನು ನಾವೇ ಕೂಡಿಸಿ ನೋಡಬೇಕಾಗುತ್ತದೆ. ಕಲ್ಯಾಣ ಕರ್ನಾಟಕದ ಮಾತು ಯಾರದೋ ನಗೆಗಾಗಿ ಬಳಕೆಯಾಗದೆ, ಬದುಕಿನ ವ್ಯವಹಾರ ನಡೆಸುವ ಭಾಷೆಯಾಗಿ ಪರದೆಯ ಮೇಲೆ ಕೇಳಿಸಿದ್ದು ನನಗೆ ಬಹಳ ದೊಡ್ಡ ಸಂಗತಿ.

ಉತ್ಸವ್ ಗೋನವಾರ್ ಅವರ 'ಫೋಟೋ' ಚಿತ್ರವೂ 2024ರಲ್ಲೇ ಚಿತ್ರಮಂದಿರಗಳಿಗೆ ಬಂತು. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ, ಬೆಂಗಳೂರಿನಲ್ಲಿ ದುಡಿಯುವ ಅಪ್ಪನ ಬಳಿ ಹೋದ ಹುಡುಗ ಲಾಕ್‌ಡೌನ್‌ನಲ್ಲಿ ಸಿಕ್ಕಿಬಿದ್ದು, ಅಪ್ಪನ ಜೊತೆ ಊರಿನ ಕಡೆಗೆ ನಡೆಯತೊಡಗುವ ಕತೆ. ದೇಶದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಲ್ಲಿ. ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಿದ್ದವರು ಆ ಬೇಸಿಗೆಯಲ್ಲಿ ಹೇಗೆ ಊರು ಸೇರಿದರು ಎಂಬುದನ್ನು ಕಂಡವರು ಇಲ್ಲಿ ಅನೇಕರಿದ್ದಾರೆ. ಹಾಗಾಗಿ ಈ ಚಿತ್ರವನ್ನು ನಾನು ಪೂರ್ತಿ ತಟಸ್ಥವಾಗಿ ನೋಡಲಾರೆ. ಆದರೂ ಒಂದು ಮಾತು ಹೇಳಬಲ್ಲೆ: ಇಂಥ ವಿಷಯ ಸಿಕ್ಕಾಗ ಘೋಷಣೆ ಕೂಗಿಸುವ ಅವಕಾಶ ಹೇರಳವಾಗಿದ್ದರೂ ನಿರ್ದೇಶಕರು ಅಪ್ಪ ಮಗನ ಹೆಜ್ಜೆಗಳನ್ನು ಬಿಟ್ಟು ಆಚೀಚೆ ಹೋಗಿಲ್ಲ. ಚಿತ್ರದ ನಡು ಭಾಗ ಸ್ವಲ್ಪ ಎಳೆದಂತಾಗುವುದು ನಿಜ. ಆದರೆ ಆ ಆಯಾಸ ಪ್ರೇಕ್ಷಕನಿಗೂ ತಟ್ಟಬೇಕಾದದ್ದೇ ಎಂದು ನಾನು ಭಾವಿಸುತ್ತೇನೆ.

ಇವೆರಡನ್ನೂ ನೋಡಿದವರು ಕಡಿಮೆ. ಎಲ್ಲರೂ ನೋಡಿದ್ದು, ನಾನೂ ತುಂಬಿದ ಟಾಕೀಸಿನಲ್ಲಿ ಕುಳಿತು ನೋಡಿದ್ದು, 2025ರ ಜುಲೈ 25ರಂದು ಬಿಡುಗಡೆಯಾದ 'ಸು ಫ್ರಮ್ ಸೋ'. ಜೆ.ಪಿ. ತುಮಿನಾಡು ನಿರ್ದೇಶಿಸಿ, ತಾವೇ ಮುಖ್ಯ ಪಾತ್ರ ಮಾಡಿ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರಾಗಿದ್ದ ಈ ಚಿತ್ರದಲ್ಲಿ ದೊಡ್ಡ ತಾರೆಯಿಲ್ಲ, ಹೊಡೆದಾಟವಿಲ್ಲ. ಕರಾವಳಿಯ ಒಂದು ಊರಿನಲ್ಲಿ ಯುವಕನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬವಳ ದೆವ್ವ ಬಂದಿದೆ ಎಂದು ಊರಿಗೆ ಊರೇ ನಂಬುವುದು ಕತೆಯ ತಿರುಳು. ತೆಲುಗು, ಹಿಂದಿ ಚಿತ್ರಗಳಿಗೆ ಮುಗಿಬೀಳುವ ನಮ್ಮೂರಿನ ಪ್ರೇಕ್ಷಕರು ಮಂಗಳೂರು ಕಡೆಯ ಕನ್ನಡಕ್ಕೆ ಮಾತುಮಾತಿಗೆ ನಕ್ಕದ್ದನ್ನು ಕಂಡು ನನಗೆ ಸಂತೋಷವಾಯಿತು. ಆ ಮಾತನ್ನು ಯಾರೂ ನಮಗಾಗಿ ತಿದ್ದಿ ಸಪಾಟು ಮಾಡಿರಲಿಲ್ಲ. ಒಂದೆರಡು ಪದ ತಿಳಿಯದಿದ್ದರೂ ಮದುವೆ ಮನೆಯ ಗಲಾಟೆ, ಊರ ಹಿರಿಯಣ್ಣನಾದ ರವಿಯಣ್ಣನ ಗತ್ತು, ಎಲ್ಲದರಲ್ಲೂ ತಲೆ ಹಾಕುವ ಗಂಡಸರ ಗುಂಪು ಇವು ಆಳಂದದಲ್ಲೂ ಇವೆ, ಶಹಾಪುರದಲ್ಲೂ ಇವೆ. ನನ್ನ ಒಂದೇ ತಕರಾರು ಉತ್ತರಾರ್ಧದ ಬಗ್ಗೆ. ನಗೆಯ ಹಿಂದಿರುವ ಹೆಣ್ಣಿನ ಸಂಕಟವನ್ನು ತೆರೆಯುವ ನಿರ್ಧಾರ ಸರಿಯಾದದ್ದೇ, ಆದರೆ ಅದಕ್ಕೆ ಕೊಟ್ಟ ಸಮಯ ಸಾಲದು. ಸುಲೋಚನಾಳ ಮಗಳು ಭಾನುವಿನ ಬದುಕನ್ನು ಇನ್ನೂ ಸ್ವಲ್ಪ ಹೊತ್ತು ನೋಡಲು ಬಿಟ್ಟಿದ್ದರೆ, ಊರಿನ ಗಂಡಸರಿಗೆ ಕೊನೆಗೆ ಬರುವ ತಿಳಿವಳಿಕೆ ಅವಸರದ್ದೆಂದು ಅನ್ನಿಸುತ್ತಿರಲಿಲ್ಲ.

ಹಿಡಿಸದೆ ಹೋದದ್ದನ್ನು ಹೇಳುವಾಗ ಹೆಚ್ಚಿನವರು ಸಿಟ್ಟಾಗಬಹುದು. 2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ: ಅಧ್ಯಾಯ 1' ತಾಂತ್ರಿಕವಾಗಿ ಕನ್ನಡ ಚಿತ್ರರಂಗ ಎಷ್ಟು ದೂರ ಬಂದಿದೆ ಎಂಬುದಕ್ಕೆ ಸಾಕ್ಷಿ. ಅರವಿಂದ್ ಕಶ್ಯಪ್ ಅವರ ಛಾಯಾಗ್ರಹಣವನ್ನು ನಾನು ಮನಸಾರೆ ಮೆಚ್ಚುತ್ತೇನೆ, ರಿಷಬ್ ಶೆಟ್ಟಿಯವರ ದುಡಿಮೆಯನ್ನೂ ಅಷ್ಟೇ ಗೌರವಿಸುತ್ತೇನೆ. ಆದರೆ 2022ರ 'ಕಾಂತಾರ'ದಲ್ಲಿ ಮೈನವಿರೇಳಿಸಿದ್ದು ಅರಣ್ಯಾಧಿಕಾರಿಯ ಕೈಯನ್ನೂ ಊರಿನವರ ಕೈಗಳನ್ನೂ ಕೂಡಿಸಿ ಎದೆಗೆ ಒತ್ತಿಕೊಳ್ಳುವ ಆ ಒಂದು ಸನ್ನೆ. ಅಲ್ಲಿ ಒಬ್ಬ ಮನುಷ್ಯನ ಮೈ ಮಾತ್ರ ಇತ್ತು. ಅಷ್ಟರಲ್ಲೇ ಕಾಡು, ಕಾನೂನು, ನಂಬಿಕೆ ಮೂರೂ ಒಟ್ಟಿಗೆ ಬಂದು ನಿಂತಿದ್ದವು. ಹೊಸ ಚಿತ್ರದಲ್ಲಿ ಅರಮನೆ, ರಥ, ಯುದ್ಧ, ಗ್ರಾಫಿಕ್ಸ್ ಎಲ್ಲವೂ ಇವೆ, ಹಿನ್ನೆಲೆ ಸಂಗೀತವೂ ಬಹುಪಾಲು ಏರು ದನಿಯಲ್ಲೇ ಇದೆ. ಮೊದಲಿನಿಂದ ಎಲ್ಲವೂ ಜೋರಾಗಿರುವಾಗ ದೈವ ಬಂದ ಗಳಿಗೆ ಬೇರೆಯಾಗಿ ಕೇಳಿಸುವುದಾದರೂ ಹೇಗೆ? ಅಜನೀಶ್ ಲೋಕನಾಥ್ ಅವರು ಮೊದಲ ಚಿತ್ರದಲ್ಲಿ ಒಂದು ಕೂಗನ್ನೇ ಇಡೀ ಚಿತ್ರದ ಬೆನ್ನೆಲುಬಾಗಿ ನಿಲ್ಲಿಸಿದ್ದರು ಎಂಬುದನ್ನು ನೆನೆದರೆ ಈ ನಿರಾಸೆ ಇನ್ನೂ ಹೆಚ್ಚಾಗುತ್ತದೆ.

ನಮ್ಮ ಭಾಗವನ್ನು ದೊಡ್ಡ ಚಿತ್ರಗಳು ಹೇಗೆ ಬಳಸಿಕೊಳ್ಳುತ್ತವೆ ಎಂಬ ಬೇಸರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಬಂದ ಯೋಗರಾಜ್ ಭಟ್ಟರ 'ಕರಟಕ ದಮನಕ' ಉತ್ತರ ಕರ್ನಾಟಕದ ನೀರಿಲ್ಲದ ಊರಿನ ಕತೆಯನ್ನು ಎತ್ತಿಕೊಂಡಿತು. 'ಹಿತ್ತಲಕ ಕರಿಬ್ಯಾಡ ಮಾವ' ಹಾಡು ಇಲ್ಲಿನ ಮದುವೆ ಮೆರವಣಿಗೆಗಳಲ್ಲಿ ಮೊಳಗಿತು, ನಾನೂ ಅದರ ತಾಳವನ್ನು ಇಷ್ಟಪಟ್ಟೆ. ಆದರೆ ಸಿನಿಮಾದ ಉತ್ತರ ಕರ್ನಾಟಕ ಎಂದರೆ ಯಾವಾಗಲೂ ಹುಬ್ಬಳ್ಳಿ ಧಾರವಾಡದ ಮಾತೇ ಆಗಿರುತ್ತದೆ. ಉರ್ದು, ತೆಲುಗು, ಮರಾಠಿಗಳೊಂದಿಗೆ ಬೆರೆತು ಬೆಳೆದ ಕಲಬುರಗಿ, ಬೀದರಿನ ಮಾತಿನ ಲಯವೇ ಬೇರೆ, ಅದರ ವಾಕ್ಯದ ಏರಿಳಿತವೇ ಬೇರೆ. ಅದನ್ನು ಕಿವಿಗೊಟ್ಟು ಕೇಳಿ ಬರೆದ ದೊಡ್ಡ ಚಿತ್ರವೊಂದನ್ನು ನಾನು ಇನ್ನೂ ನೋಡಿಲ್ಲ. ಬರಗಾಲ, ಬಡತನ, ಒರಟು ಹಾಸ್ಯ ಇವಿಷ್ಟೇ ಅಲ್ಲದ, ಪ್ರೀತಿಯನ್ನೂ ತರ್ಕವನ್ನೂ ಅನುಭಾವವನ್ನೂ ಆಡಬಲ್ಲ ಮಾತು ಅದು. ತತ್ವಪದಕಾರರಾದ ಕಡಕೋಳ ಮಡಿವಾಳಪ್ಪನವರೂ ಚನ್ನೂರ ಜಲಾಲಸಾಹೇಬರೂ ಪದ ಕಟ್ಟಿದ್ದು ಈ ನೆಲದ ಮಾತಿನಲ್ಲೇ.

ಹಾಡುಗಳ ಬಗ್ಗೆ ನನ್ನ ಮಾತು ಚಿಕ್ಕದು. 2025ರ 'ಎಕ್ಕ' ಚಿತ್ರದ 'ಬ್ಯಾಂಗಲ್ ಬಂಗಾರಿ'ಯನ್ನು ಮೊದಲ ಸಲ ಕೇಳಿದಾಗ ಕುಣಿತದ ಹಾಡೆಂದು ಬದಿಗಿಡುವವರೇ ಹೆಚ್ಚು, ಆದರೆ ಅದರ ಗಟ್ಟಿತನ ಇರುವುದು ಆಂಥೋನಿ ದಾಸನ್ ಅವರ ಗಂಟಲಿನಲ್ಲಿ. ಜನಪದ ಗಾಯನದಲ್ಲಿ ಪಳಗಿದ ಆ ದನಿಯ ಒರಟನ್ನು ಸಂಗೀತ ನಿರ್ದೇಶಕ ಚರಣ್ ರಾಜ್ ಒರೆಸಿ ನುಣುಪು ಮಾಡಲು ಹೋಗಿಲ್ಲ. ಇದೇ ಚರಣ್ ರಾಜ್ 2023ರ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರಕ್ಕೆ ಕೊಟ್ಟ ಸಂಗೀತವನ್ನು ಕೇಳಿದರೆ ಒಬ್ಬನೇ ಸಂಗೀತಗಾರ ಎಷ್ಟು ಮೆಲ್ಲಗೂ ಮಾತಾಡಬಲ್ಲ ಎಂಬುದು ತಿಳಿಯುತ್ತದೆ. ಎರಡು ಭಾಗಗಳಲ್ಲಿ ಬಂದ ಆ ಚಿತ್ರದ ಮೊದಲ ಭಾಗವನ್ನು ನಾನು ಈಗಲೂ ಮತ್ತೆ ನೋಡಬಲ್ಲೆ, ಎರಡನೆಯದು ತನ್ನ ದುಃಖವನ್ನು ತಾನೇ ಹೆಚ್ಚು ಮೆಚ್ಚಿಕೊಂಡಿತು ಎನಿಸುತ್ತದೆ. 'ಕೃಷ್ಣಂ ಪ್ರಣಯ ಸಖಿ'ಯ 'ದ್ವಾಪರ' ಹಾಡಿನ ವಿಷಯದಲ್ಲಿ ನಾನು ಬಹುಮತದ ಜೊತೆಗಿದ್ದೇನೆ. ಅರ್ಜುನ್ ಜನ್ಯ ಅವರ ರಾಗ ಸರಳವಾದದ್ದು, ಜಸ್ಕರಣ್ ಸಿಂಗ್ ಹಾಡಿದ ರೀತಿಯಲ್ಲಿ ಕನ್ನಡದ ಅಕ್ಷರಗಳ ಮೇಲಿನ ಅಕ್ಕರೆ ಕೇಳಿಸುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಸಿನಿಮಾದ ಹೊರಗೆ ನಡೆಯುತ್ತಿದೆ. ನಮ್ಮಲ್ಲಿ ಟ್ರ್ಯಾಕ್ಟರ್‌ಗಳಲ್ಲಿ, ಟಂಟಂಗಳಲ್ಲಿ, ಹೊಲದ ಬದುವಿನ ಮೇಲೆ ಮೊಬೈಲ್ ಹಿಡಿದು ಕುಳಿತವರ ಕಿವಿಯಲ್ಲಿ ಈಗ ಕೇಳಿಸುವುದು ಯೂಟ್ಯೂಬ್‌ನ ಉತ್ತರ ಕರ್ನಾಟಕ ಜಾನಪದ ಹಾಡುಗಳು. ಮಾಳು ನಿಪನಾಳ, ಬಾಳು ಬೆಳಗುಂದಿ ಮುಂತಾದವರು ಯಾವ ದೊಡ್ಡ ಸಂಸ್ಥೆಯ ಬೆಂಬಲವೂ ಇಲ್ಲದೆ ಹಳ್ಳಿಯ ಕೇಳುಗರಿಂದಲೇ ಹೆಸರಾದರು. ಆಮೇಲೆ ಟಿ.ವಿ. ವಾಹಿನಿಗಳು ಅವರನ್ನು ಕರೆದವು. ಈ ಹಾಡುಗಳನ್ನು ಕೀಳೆಂದು ತಳ್ಳಿಹಾಕುವ ನಗರದ ವಿದ್ಯಾವಂತರ ಜೊತೆ ನನಗೆ ಸಹಮತವಿಲ್ಲ. ಅಲ್ಲಿ ಡ್ರೈವರ್ ಇದ್ದಾನೆ, ಕಬ್ಬು ಕಡಿಯುವವನು ಇದ್ದಾನೆ, ಬೇರೆಯವನನ್ನು ಮದುವೆಯಾದ ಗೆಳತಿ ಇದ್ದಾಳೆ. ನಿನ್ನೆ ಮೊನ್ನೆಯ ಬದುಕು ಇಂದು ಹಾಡಾಗಿ ಹೊರಬರುತ್ತದೆ. ಆದರೂ ಎರಡು ಕೊರತೆ ಹೇಳಲೇಬೇಕು. ಕೈಕೊಟ್ಟ ಹುಡುಗಿಯನ್ನು ಹಳಿಯುವ ಹಾಡುಗಳು ಒಂದರ ಹಿಂದೊಂದು ಬಂದು ಬೇಸರ ತರಿಸುತ್ತವೆ. ಜೊತೆಗೆ ಕೀಬೋರ್ಡಿನ ಸಿದ್ಧ ತಾಳ, ಯಂತ್ರದಿಂದ ತಿದ್ದಿದ ದನಿ ಎಲ್ಲ ಗಾಯಕರನ್ನೂ ಒಂದೇ ಅಚ್ಚಿಗೆ ತರುತ್ತಿವೆ. ಮೊಹರಂನ ರಿವಾಯತ್ ಪದ, ಹಂತಿ ಪದ, ತತ್ವಪದಗಳನ್ನು ಏಕತಾರಿ, ದಮ್ಮಡಿಗಳ ಜೊತೆ ಹಾಡುವ ಹಿರಿಯರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. ಈ ಹುಡುಗರ ಕೇಳುಗ ಬಳಗವೂ ಆ ಹಿರಿಯರ ದನಿಯೂ ಒಂದೇ ಧ್ವನಿಮುದ್ರಣದಲ್ಲಿ ಸೇರಬೇಕೆಂಬುದು ನನ್ನ ದೊಡ್ಡ ಆಸೆ.

ಇನ್ನು ಗೇಮ್‌ಗಳು. ನನ್ನ ವಯಸ್ಸಿನವರು ಇವನ್ನು ಹುಡುಗರ ಹಾಳು ಚಟವೆಂದೇ ತಿಳಿದಿದ್ದಾರೆ. ಅಕ್ಕನ ಮಗನ ಜೊತೆ ಕುಳಿತು ಆಡಲು ಆರಂಭಿಸಿದ ನನಗೆ, ಕಳೆದ ವರ್ಷಗಳಲ್ಲಿ ಕೇಳಿದ ಅತ್ಯುತ್ತಮ ಸಂಗೀತದ ಒಂದು ಪಾಲು ಗೇಮ್‌ಗಳಲ್ಲೇ ಸಿಕ್ಕಿತು ಎಂದು ಹೇಳಲು ಸಂಕೋಚವಿಲ್ಲ.

'ಕ್ಲೇರ್ ಒಬ್‌ಸ್ಕ್ಯೂರ್: ಎಕ್ಸ್‌ಪೆಡಿಶನ್ 33' ಫ್ರಾನ್ಸಿನ ಮೊಂಪೆಲಿಯೆ ನಗರದ ಸ್ಯಾಂಡ್‌ಫಾಲ್ ಇಂಟರಾಕ್ಟಿವ್ ಎಂಬ ಚಿಕ್ಕ ತಂಡದ ಮೊದಲ ಗೇಮ್. 2025ರ ಏಪ್ರಿಲ್ 24ರಂದು ಬಿಡುಗಡೆಯಾಗಿ, ಆ ವರ್ಷದ ದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿಯನ್ನೂ ಪಡೆಯಿತು. ಕತೆಯ ಮೂಲ ಕಲ್ಪನೆ ಎದೆ ನಡುಗಿಸುವಂಥದು: ವರ್ಷಕ್ಕೊಮ್ಮೆ ಚಿತ್ರಗಾರ್ತಿಯೊಬ್ಬಳು ಬೃಹತ್ ಕಂಬದ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ, ಆ ವಯಸ್ಸಿನವರೂ ಅದನ್ನು ದಾಟಿದವರೂ ಎಲ್ಲ ಹೂವಿನ ಎಸಳುಗಳಾಗಿ ಗಾಳಿಯಲ್ಲಿ ಕರಗಿಹೋಗುತ್ತಾರೆ. ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದು 33ಕ್ಕೆ ಇಳಿಯುವ ದಿನದಿಂದ ಕತೆ ಆರಂಭ. ಹಿಂದೆ ತನ್ನವಳಾಗಿದ್ದವಳು ಕಣ್ಣೆದುರೇ ಕರಗುವುದನ್ನು ನೋಡುವ ಗುಸ್ತಾವ್‌ನ ಆ ದೃಶ್ಯದಲ್ಲಿ ಮಾತು ಬಹಳ ಕಡಿಮೆ. ಲೋರಿಯಾಂ ತೆಸ್ತಾರ್ ಅವರ ಸಂಗೀತ, ಆಲಿಸ್ ದ್ಯುಪೋರ್ ಪರ್ಸಿಯೆ ಅವರ ದನಿ ಅಲ್ಲಿ ಕೆಲಸ ಮಾಡುವ ಬಗೆಯನ್ನು ಸಿನಿಮಾ ಮಾಡುವವರು ಕುಳಿತು ಕೇಳಬೇಕು. ತೆಸ್ತಾರ್ ಅವರಿಗೆ ಇದು ಮೊದಲ ಗೇಮ್, ಆದರೂ 150ಕ್ಕೂ ಹೆಚ್ಚು ಸಂಗೀತದ ತುಣುಕುಗಳನ್ನು ಇದಕ್ಕಾಗಿ ಕಟ್ಟಿದ್ದಾರೆ. ಸರದಿಯಂತೆ ಹೊಡೆದಾಡುವ ಹಳೆಯ ಮಾದರಿಯ ಆಟವೇ ಇದು. ಆದರೆ ಶತ್ರುವಿನ ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿ ತಡೆಯಬೇಕಾಗಿರುವುದರಿಂದ ಪ್ರತಿ ಕಾಳಗವೂ ತಾಳ ಹಿಡಿಯುವ ಅಭ್ಯಾಸವಾಗುತ್ತದೆ. ಕಣ್ಣಿಗಿಂತ ಕಿವಿ ಇಲ್ಲಿ ಹೆಚ್ಚು ನೆರವಾಗುತ್ತದೆ. ಮೂರನೆಯ ಅಂಕದಲ್ಲಿ ಕತೆ ತನ್ನನ್ನು ತಾನು ವಿವರಿಸಿಕೊಳ್ಳಲು ಸ್ವಲ್ಪ ಹೆಚ್ಚೇ ಹೆಣಗುತ್ತದೆ ಎಂಬುದು ನನ್ನ ಆಕ್ಷೇಪ. ಆದರೆ ಫ್ರೆಂಚರು ಫ್ರೆಂಚರಾಗಿಯೇ ಉಳಿದು, ತಮ್ಮ ಬಗೆಯ ಬೀದಿದೀಪಗಳನ್ನೂ ಶೋಕಗೀತೆಗಳನ್ನೂ ಇಟ್ಟುಕೊಂಡೇ ಲೋಕವನ್ನು ಗೆದ್ದರು ಎಂಬುದು ನನಗೆ ಆ ಪ್ರಶಸ್ತಿಗಿಂತ ದೊಡ್ಡದು.

'ಹಾಲೋ ನೈಟ್: ಸಿಲ್ಕ್‌ಸಾಂಗ್' ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟ್ಟ ತಂಡದ್ದು. 2019ರಲ್ಲಿ ಘೋಷಣೆಯಾಗಿ 2025ರ ಸೆಪ್ಟೆಂಬರ್ 4ರಂದು ಬಂತು. ಹಾರ್ನೆಟ್ ಎಂಬ ಕೀಟಯೋಧೆ ಫಾರ್ಲೂಮ್ ಎಂಬ ರಾಜ್ಯದ ತಳದಿಂದ ತುದಿಯ ಪವಿತ್ರ ಕೋಟೆಯವರೆಗೆ ಏರುತ್ತಾಳೆ, ದಾರಿಯುದ್ದಕ್ಕೂ ಯಾತ್ರಿಕರೂ ಗಂಟೆಗಳೂ. ಗಾಣಗಾಪುರಕ್ಕೋ ಶರಣಬಸವೇಶ್ವರರ ಜಾತ್ರೆಗೋ ನಡೆದು ಬರುವ ಭಕ್ತರಂತೆ ಆ ಯಾತ್ರಿಕರಲ್ಲೂ ಕೆಲವರಿಗೆ ನಂಬಿಕೆಯೊಂದೇ ಬುತ್ತಿ. ಮುಚ್ಚಿದ ಬಾಗಿಲ ಮುಂದೆ ನಿಂತು ಅದು ತೆರೆದೀತೆಂದು ಹಾಡುತ್ತಲೇ ಇರುವ ಶೆರ್ಮಾ ಎಂಬ ಪುಟ್ಟ ಯಾತ್ರಿಕನನ್ನು ನಾನು ಮರೆಯಲಾರೆ. ನಕ್ಷೆ ಮಾರುವ ಶಾಕ್ರಾ ಎಲ್ಲಿದ್ದಾಳೆಂದು ಗೊತ್ತಾಗುವುದೂ ದೂರದಿಂದ ಕೇಳುವ ಅವಳ ಹಾಡಿನಿಂದಲೇ, ಅಂದರೆ ದಾರಿ ಹುಡುಕುವ ಕೆಲಸವನ್ನೇ ಕಿವಿಗೆ ವಹಿಸಿದ್ದಾರೆ. ಆದರೆ ಈ ಗೇಮ್ ಬಹಳ ಕಠಿಣ. ಕೆಲವು ಶತ್ರುಗಳ ಒಂದೇ ಏಟಿಗೆ ಜೀವದ ಎರಡು ಪಾಲು ಹೋಗುವುದು, ಸತ್ತಾಗಲೆಲ್ಲ ಅದೇ ದಾರಿಯನ್ನು ಮತ್ತೆ ಸವೆಸಬೇಕಾಗುವುದು ಕೆಲವೆಡೆ ಅನಗತ್ಯ ಕ್ರೌರ್ಯ ಎಂದೇ ನನ್ನ ಅಭಿಪ್ರಾಯ. ಇದನ್ನು ಆಡುವಾಗಲೆಲ್ಲ ಬೀದರಿನ ನೌಬಾದ್ ಬಳಿಯ ಕರೇಜ್ ನೆನಪಾಗುತ್ತದೆ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ನೀರು ತರಲು ಜಂಬಿಟ್ಟಿಗೆಯನ್ನು ಕೊರೆದು ಮಾಡಿದ ಆ ಸುರಂಗ ಕಾಲುವೆ, ಮೇಲಿನಿಂದ ಬೆಳಕಿಳಿಯುವ ಅದರ ಬಾವಿಗಳು, ಒಳಗೆ ನೀರಿನ ಸದ್ದು ಇವುಗಳಿಗಿಂತ ಉತ್ತಮವಾದ ಗೇಮ್ ನಕ್ಷೆ ಬೇಕೇ? ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಇದನ್ನು ಯೋಚಿಸಬೇಕು.

ಅದು ಆಗದ ಮಾತೇನಲ್ಲ ಎಂಬುದಕ್ಕೆ 2023ರ 'ವೆಂಬಾ' ಉದಾಹರಣೆ. ಕೆನಡಾದ ಟೊರೊಂಟೊದಲ್ಲಿ ನೆಲೆಸಿದ ತಂಡವೊಂದು ಮಾಡಿದ ಈ ಚಿಕ್ಕ ಗೇಮ್‌ನಲ್ಲಿ ವಲಸೆ ಹೋದ ತಮಿಳು ಕುಟುಂಬದ ತಾಯಿ, ತನ್ನ ತಾಯಿ ಕೊಟ್ಟ ಹರಿದ ಅಡುಗೆ ಪುಸ್ತಕವನ್ನು ಓದಿ ಇಡ್ಲಿ, ಪುಟ್ಟು ಮಾಡುತ್ತಾಳೆ. ಮುಂದೆ ಮಗನ ಪಾತ್ರವನ್ನು ನಾವು ಆಡುವಾಗ ಅವನಿಗೆ ಆ ತಮಿಳು ಬರಹ ಪೂರ್ತಿ ತಿಳಿಯುವುದಿಲ್ಲ. ಎಣ್ಣೆ ಕಾಯುವ, ಒಗ್ಗರಣೆ ಸಿಡಿಯುವ ಸದ್ದುಗಳಲ್ಲೇ ಅರ್ಧ ಕತೆ ಇದೆ. ಒಂದು ಸಂಜೆಯಲ್ಲಿ ಮುಗಿಯುತ್ತದೆ.

ದುಡ್ಡಿನ ಪ್ರಶ್ನೆಗೆ ಬರುತ್ತೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿದ್ದನ್ನು ನಾನು ಸ್ವಾಗತಿಸಿದೆ, ಏಕೆಂದರೆ ಅಂಥ ಆಟಗಳಲ್ಲಿ ಸಂಬಳ ಕಳೆದುಕೊಂಡವರನ್ನು ಬಲ್ಲೆ. ಆದರೆ ಆ ಆಟಗಳಿಗೂ ಮೇಲೆ ಹೇಳಿದ ಗೇಮ್‌ಗಳಿಗೂ ಸಂಬಂಧವಿಲ್ಲ ಎಂಬುದನ್ನು ಮನೆಯ ಹಿರಿಯರಿಗೆ ತಿಳಿಸಿ ಹೇಳುವುದು ಅಗತ್ಯ. ಇವನ್ನು ಒಮ್ಮೆ ಕೊಂಡರೆ ಮುಗಿಯಿತು. 'ಎಕ್ಸ್‌ಪೆಡಿಶನ್ 33'ಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು, ಕಲಬುರಗಿಯ ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದು ಕಾದ ಹಂಚಾಗುತ್ತದೆ, ಹಾಗಾಗಿ ರಾತ್ರಿ ಆಡುವುದು ಮೇಲು. ಜೊತೆಗೆ ಆಡುವವರು ಇದ್ದರೆ 2025ರ ಮಾರ್ಚ್‌ನಲ್ಲಿ ಬಂದ 'ಸ್ಪ್ಲಿಟ್ ಫಿಕ್ಷನ್' ನೋಡಿ, ಒಬ್ಬರು ಕೊಂಡರೆ ಇನ್ನೊಬ್ಬರು ಪುಕ್ಕಟೆಯಾಗಿ ಸೇರಿಕೊಳ್ಳಬಹುದು. ಕಂಪ್ಯೂಟರ್ ಹಳೆಯದಾಗಿದ್ದರೆ, ತಾಳ್ಮೆ ಮಾತ್ರ ಹೆಚ್ಚಿಗಿದ್ದರೆ, 20 ಡಾಲರ್‌ಗೂ ಕಡಿಮೆ ಬೆಲೆಗೆ ಬಿಡುಗಡೆಯಾದ 'ಸಿಲ್ಕ್‌ಸಾಂಗ್' ಕೊಳ್ಳಿ, ಇಯರ್‌ಫೋನ್ ಹಾಕಿಕೊಂಡು ಆಡಿ. ಸಿನಿಮಾಗಳಲ್ಲಿ ಮೊದಲು 'ಶಿವಮ್ಮ'ನನ್ನು ನೋಡಿ, ನಿಮ್ಮ ಅಭಿಪ್ರಾಯ ಬೇರೆಯಾಗಿದ್ದರೆ ಕಾರಣ ಸಮೇತ ಬರೆಯಿರಿ, ನಾನು ಖಂಡಿತ ಓದುತ್ತೇನೆ.